ಹಾಸಿಗೆ ಹಿಡಿದ ಹಿರಿಯರಿಗೆ ಆರೈಕೆ ಮನೆ: ಕಟ್ಟಲು, ದುರಸ್ತಿ ಮಾಡಲು, ನಡೆಸಲು ಸರ್ಕಾರದ ಹಣ ಪಡೆಯುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಒಂದು ಫೋನ್ ಬಂತು. ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಅಜ್ಜಿಯೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು, ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡಿದ್ದರು. ಕರ್ಕೊಂಡು ಹೋಗೋಕೆ ಮಾತ್ರ ಯಾರೂ ಇರಲಿಲ್ಲ. ಫೋನ್ ಮಾಡಿದ ಹುಡುಗ ಅಷ್ಟು ಹೊತ್ತಿಗೆ ಮೂರು ವೃದ್ಧಾಶ್ರಮ ಕೇಳಿ ನೋಡಿದ್ದ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಎದ್ದು ಓಡಾಡ್ತಾರಾ?"

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳ ದೊಡ್ಡ ಕೊರತೆ ಇದೇ. ಬೇಲೂರು ಕಡೆ ಒಂದು ಸಣ್ಣ ಟ್ರಸ್ಟಿನ ಕಾಗದ ಪತ್ರ, ಲೆಕ್ಕ ನೋಡಿಕೊಳ್ಳುವವನು ನಾನು. ನಮ್ಮಲ್ಲೂ ಮೊದಲು ನಡೆದಾಡುವವರಿಗೆ ಮಾತ್ರ ಜಾಗ ಇತ್ತು. ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ದಿನದ 24 ಗಂಟೆಯೂ ಆರೈಕೆ ಕೊಡುವ ಮನೆ ಬೇರೆಯೇ ಥರದ್ದು. ಅದರ ಕಟ್ಟಡ ಬೇರೆ, ಸಿಬ್ಬಂದಿ ಬೇರೆ, ಖರ್ಚೂ ಬೇರೆ. ಅದಕ್ಕೆ ಸರ್ಕಾರದ ಹಣ ಎಲ್ಲಿಂದ, ಹೇಗೆ ತರಬೇಕು ಅನ್ನೋದನ್ನ ನಾವು ಓಡಾಡಿ ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಯಾರಾದರೂ ಇಂಥ ಮನೆ ಮಾಡಲು ಹೊರಟಿದ್ದರೆ ಅವರ ಒಂದು ವರ್ಷವಾದರೂ ಉಳಿಯಲಿ.

ಕಟ್ಟೋ ದುಡ್ಡು ಬೇರೆ, ನಡೆಸೋ ದುಡ್ಡು ಬೇರೆ

ಜಾಸ್ತಿ ಜನ ಎಡವುವುದು ಇಲ್ಲೇ. "ಕೇಂದ್ರ ಸರ್ಕಾರದ ಅನುದಾನ ಇದೆಯಂತೆ, ಕಟ್ಟಡ ಎಬ್ಬಿಸೋಣ" ಅಂತ ಹೊರಡುತ್ತಾರೆ. ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಅಟಲ್ ವಯೋ ಅಭ್ಯುದಯ ಯೋಜನೆಯ ಅಡಿಯಲ್ಲಿ ಹಿರಿಯ ನಾಗರಿಕರ ಸಮಗ್ರ ಕಾರ್ಯಕ್ರಮ ಅಂತ ಒಂದಿದೆ. ಈ ಕಾರ್ಯಕ್ರಮದ ಮೂಲ 1992ರಷ್ಟು ಹಳೆಯದು. ಅದು ಹಣ ಕೊಡುವುದು ಮನೆ ನಡೆಸಲು: ಸಿಬ್ಬಂದಿ ಸಂಬಳ, ಊಟ, ಔಷಧಿ, ಬಾಡಿಗೆ, ಇಂಥವಕ್ಕೆ. ಗೋಡೆ ಕಟ್ಟಲು, ತಾರಸಿ ಹಾಕಲು ಅಲ್ಲ.

ಹಾಗಾದರೆ ಕಟ್ಟಡಕ್ಕೆ? ಅದಕ್ಕೆ ಸಂಸದರ ನಿಧಿ, ಶಾಸಕರ ನಿಧಿ, ಕಂಪನಿಗಳ ಸಿಎಸ್‌ಆರ್ ಹಣ (ಲಾಭದಲ್ಲಿ ಸಮಾಜದ ಕೆಲಸಕ್ಕೆ ಅಂತ ಕೊಡಬೇಕಾದದ್ದು), ಊರಿನ ದಾನಿಗಳು. ಸಾಮಾನ್ಯವಾಗಿ ಇವುಗಳಲ್ಲಿ ಎರಡೋ ಮೂರೋ ಸೇರಿದರೆ ಒಂದು ಕಟ್ಟಡ ಆಗುತ್ತದೆ. ಹಾಗಾಗಿ ಶುರುವಿನಲ್ಲೇ ಎರಡು ಬೇರೆ ಬೇರೆ ಕಡತ ಮಾಡಿ. ಒಂದರ ಮೇಲೆ "ಕಟ್ಟಡ", ಇನ್ನೊಂದರ ಮೇಲೆ "ನಿರ್ವಹಣೆ" ಅಂತ ಬರೆಯಿರಿ. ಒಂದರ ಬಿಲ್ಲು ಇನ್ನೊಂದರಲ್ಲಿ ಸೇರಿಕೊಂಡರೆ ಆಡಿಟ್ ಹೊತ್ತಿಗೆ ನಿದ್ದೆ ಇರಲ್ಲ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯೂ ನಿಮಗೆ ಗೊತ್ತಿರಲಿ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು, ತಲಾ 150 ನಿರ್ಗತಿಕ ಹಿರಿಯರು ಇರಬಹುದಾದ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಅಂತ ಅದರ 19ನೇ ಕಲಂ ಹೇಳುತ್ತದೆ. ನಿಮ್ಮ ಪ್ರಸ್ತಾವನೆಯ ಮೊದಲ ಪುಟದಲ್ಲೇ ಇದನ್ನು ಕಾಣಿಸಿ. ಸರ್ಕಾರ ತನ್ನದೇ ಕಾಯ್ದೆಯಲ್ಲಿ ಬರೆದುಕೊಂಡ ಕೆಲಸಕ್ಕೆ ನೀವು ಕೈಜೋಡಿಸುತ್ತಿದ್ದೀರಿ. ಅರ್ಜಿ ಕೊಡುವಾಗ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಹಂತ 1: ಸಂಸ್ಥೆಯ ಕಾಗದ

ಇದನ್ನು ಬೇಗ ಮುಗಿಸಿಬಿಡೋಣ. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಡೀಡ್ ಬೇಕು. ಸಂಘ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿಯ ಪ್ರಮಾಣಪತ್ರ ಬೇಕು. ಸಂಘದವರು ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕ ಸಲ್ಲಿಸಿರಬೇಕು. ಇದು ಬಾಕಿ ಉಳಿದಿದ್ದರೆ ಮೊದಲು ಅದನ್ನು ಸರಿ ಮಾಡಿ.

ಆಮೇಲೆ ಸಂಸ್ಥೆಯ ಹೆಸರಿನ ಪ್ಯಾನ್, ಸಂಸ್ಥೆಗೂ ದಾನಿಗೂ ತೆರಿಗೆ ವಿನಾಯಿತಿ ಕೊಡಿಸುವ ಆದಾಯ ತೆರಿಗೆ ನೋಂದಣಿ (ಜನ 12ಎ, 80ಜಿ ಅನ್ನೋದು ಇದನ್ನೇ), ಮೂರು ವರ್ಷದ ಆಡಿಟ್ ವರದಿ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಅದಿಲ್ಲದೆ ಕೇಂದ್ರದ ಅರ್ಜಿ ಮುಂದೆ ಹೋಗಲ್ಲ. ಸಿಎಸ್‌ಆರ್ ಹಣ ಬೇಕಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ತುಂಬಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಹೊರದೇಶದಲ್ಲಿರುವ ನಮ್ಮೂರಿನ ಮಕ್ಕಳು ಡಾಲರ್ ಕಳಿಸುತ್ತೇವೆ ಅಂದರೆ ಸುಮ್ನೆ ಖಾತೆ ಸಂಖ್ಯೆ ಕೊಡಬೇಡಿ. ವಿದೇಶಿ ಮೂಲದ ಹಣಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ಅನುಮತಿ ಬೇಕು. ಆ ಹಣ ಮೊದಲು ಬಂದು ಇಳಿಯುವ ಖಾತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಇರಬೇಕು. ಅವರಿಗೆ ಇಂಡಿಯನ್ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ಉಳಿತಾಯವನ್ನು ಮಾಮೂಲಿ ಬ್ಯಾಂಕ್ ದಾರಿಯಲ್ಲಿ ಕಳಿಸುವುದಾದರೆ ವಿಷಯ ಬೇರೆ. ಇದನ್ನು ನಿಮ್ಮ ಆಡಿಟರ್ ಹತ್ತಿರ ಬರವಣಿಗೆಯಲ್ಲೇ ಕೇಳಿಕೊಳ್ಳಿ.

ಹಂತ 2: ಜಾಗ. ಮಲೆನಾಡಿನಲ್ಲಿ ಗೆಲುವು ಸೋಲು ಇಲ್ಲೇ

ನಮಗೆ ಮೊದಲು ಸಿಕ್ಕಿದ್ದು ರಸ್ತೆ ಪಕ್ಕದ ಒಂದು ಎಕರೆ. ದಾನಿ ಒಳ್ಳೆಯವರು, ಮನಸ್ಸಿಟ್ಟು ಕೊಟ್ಟರು. ಆದರೆ ಪಹಣಿ ಇನ್ನೂ ಅವರ ತಾತನ ಹೆಸರಲ್ಲೇ ಇತ್ತು. ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರಿಗೆ ಬದಲಾವಣೆ) ಆಗಿರಲಿಲ್ಲ, ಪೋಡಿ (ಅಳತೆ ಮಾಡಿ ಭಾಗ ಬೇರೆ ಮಾಡುವುದು) ಆಗಿರಲಿಲ್ಲ, ಇಬ್ಬರು ಅತ್ತೆಯರ ಸಹಿ ಬೇಕಿತ್ತು. ಅದೆಲ್ಲ ಮುಗಿಯುವಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ನಮಗೆ ಬರಬೇಕಿದ್ದ ಒಂದು ಕಂಪನಿಯ ಹಣ ಬೇರೆ ಜಿಲ್ಲೆಗೆ ಹೋಗಿತ್ತು.

ದಾನಪತ್ರ ಬರೆಸುವ ಮೊದಲು ಇವನ್ನು ನೋಡಿ:

- ಪಹಣಿ, ಮ್ಯುಟೇಶನ್, ಋಣಭಾರ ಪ್ರಮಾಣಪತ್ರ. ಜನ ಇಸಿ ಅನ್ನೋದು ಇದನ್ನೇ. ತೋಟದ ಮೇಲೆ ಬ್ಯಾಂಕ್ ಸಾಲ ಇದ್ದರೆ ಇದರಲ್ಲಿ ಕಾಣುತ್ತದೆ.
- ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುತ್ತಿದ್ದರೆ, ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ. ಅದಿಲ್ಲದೆ ನೋಂದಣಿ ಆಗಲ್ಲ.
- ಬಗರ್ ಹುಕುಂನಲ್ಲಿ (ಸಾಗುವಳಿ ಮಾಡುತ್ತಿದ್ದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ) ಮಂಜೂರಾದ ಜಮೀನಾ? ಮಂಜೂರಾತಿಗೆ ಕೊಟ್ಟ ಸಾಗುವಳಿ ಚೀಟಿಯ ಷರತ್ತು ಓದಿ. ಇಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಅದರಲ್ಲೇ ಬರೆದಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮುಟ್ಟಲೇಬಾರದು.
- ಅರಣ್ಯದ ತಕರಾರು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಇದನ್ನು ತಹಶೀಲ್ದಾರ್ ಕಚೇರಿ, ವಲಯ ಅರಣ್ಯಾಧಿಕಾರಿ ಕಚೇರಿ ಎರಡೂ ಕಡೆ ಕೇಳಿ.
- ಕೃಷಿ ಜಮೀನಾದರೆ ಭೂ ಪರಿವರ್ತನೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಇದು ಜಿಲ್ಲಾಧಿಕಾರಿ ಮಟ್ಟದಲ್ಲಿ ಆಗಬೇಕು. ಗ್ರಾಮಠಾಣಾದ ಹಳೆ ಮನೆಯಾದರೆ ಪಂಚಾಯಿತಿಯಿಂದ ಇ-ಸ್ವತ್ತು (ಆಸ್ತಿಯ ಡಿಜಿಟಲ್ ದಾಖಲೆ) ಪಡೆಯಿರಿ.

ಕಾಗದದಲ್ಲಿ ಬರದ ಎರಡು ವಿಷಯ ಹೇಳುತ್ತೇನೆ. ಆಲೂರು, ಸಕಲೇಶಪುರ, ಬೇಲೂರು ಕಡೆ ಕತ್ತಲಾದ ಮೇಲೆ ಆನೆ ಭಯ. ರಾತ್ರಿ ಪಾಳಿಯ ಆಯಾ ಎರಡು ಕಿಲೋಮೀಟರ್ ನಡೆದು ಬರಬೇಕಾದ ಜಾಗ ಆರಿಸಿದರೆ ರಾತ್ರಿ ಪಾಳಿಯೇ ನಡೆಯಲ್ಲ. ಇನ್ನೊಂದು, ಮಳೆಗಾಲದಲ್ಲಿ ಆಂಬುಲೆನ್ಸ್ ಬಾಗಿಲವರೆಗೆ ಬರುತ್ತದಾ ಅನ್ನೋದನ್ನ ಜುಲೈ ತಿಂಗಳಲ್ಲೇ ಹೋಗಿ ನೋಡಿ. ಏಪ್ರಿಲ್‌ನಲ್ಲಿ ಎಲ್ಲ ರಸ್ತೆಯೂ ಚೆನ್ನಾಗೇ ಇರುತ್ತದೆ.

ಹಂತ 3: ಕಟ್ಟಡದ ಹಣ

ಸಂಸದರ ನಿಧಿ. ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ನಿಮ್ಮ ಟ್ರಸ್ಟ್ ಅಥವಾ ಸಂಘ ಕನಿಷ್ಠ 3 ವರ್ಷ ಹಳೆಯದಾಗಿರಬೇಕು, ಸಮಾಜಸೇವೆಯಲ್ಲಿರಬೇಕು. ಆ ಸಂಸದರೋ ಅವರ ಮನೆಯವರೋ ನಿಮ್ಮಲ್ಲಿ ಪದಾಧಿಕಾರಿ ಆಗಿರಬಾರದು. ಕಟ್ಟಡ ಸಾರ್ವಜನಿಕರ ಉಪಯೋಗಕ್ಕೇ ಇರಬೇಕು.

ಯಾರ ಬಳಿ ಹೋಗಬೇಕು ಅನ್ನೋದರಲ್ಲಿ ನಮ್ಮ ಕಡೆ ಗೊಂದಲ ಆಗುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ವಿಧಾನಸಭಾ ಕ್ಷೇತ್ರಗಳು ಉಡುಪಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಬರುತ್ತವೆ. ಕಡೂರು ಕ್ಷೇತ್ರ ಜಿಲ್ಲೆಯಿಂದ ಚಿಕ್ಕಮಗಳೂರಾದರೂ ಲೋಕಸಭೆಗೆ ಹಾಸನ. ಕಡೂರಿನ ಗೆಳೆಯರೊಬ್ಬರು ಇದು ತಿಳಿಯದೆ ಆರು ತಿಂಗಳು ಬೇರೆ ಕಚೇರಿಗೆ ಅಲೆದರು. ರಾಜ್ಯಸಭಾ ಸದಸ್ಯರನ್ನೂ ಮರೆಯಬೇಡಿ. ಕರ್ನಾಟಕದಿಂದ 12 ಮಂದಿ ಇದ್ದಾರೆ, ರಾಜ್ಯದ ಯಾವ ಜಿಲ್ಲೆಗಾದರೂ ಶಿಫಾರಸು ಮಾಡಬಹುದು. ಅವರ ಬಳಿ ಹೋಗುವವರು ಕಡಿಮೆ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಅದರ ಮೇಲೆ ಇಡೀ ಕ್ಷೇತ್ರದ ರಸ್ತೆ, ಸಮುದಾಯ ಭವನ, ಶಾಲೆ ಎಲ್ಲದರ ಕಣ್ಣಿರುತ್ತದೆ. ಪೂರ್ತಿ ಕಟ್ಟಡ ಕೇಳಬೇಡಿ. ಒಂದು ನಿರ್ದಿಷ್ಟ ಭಾಗ ಕೇಳಿ: ಎಂಟು ಹಾಸಿಗೆಯ ಒಂದು ಕೋಣೆ, ಇಲ್ಲವೇ ಶೌಚಾಲಯದ ಬ್ಲಾಕ್. ಅಂಥದ್ದು ಬೇಗ ಆಗುತ್ತದೆ. ಇಂಥ ಕಾಮಗಾರಿಯ ಹಣ ನಿಮ್ಮ ಕೈಗೆ ಬರುವುದಿಲ್ಲ. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ನಿರ್ಮಿತಿ ಕೇಂದ್ರ ಅಥವಾ ಕೆಆರ್‌ಐಡಿಎಲ್ (ನಮ್ಮ ಕಡೆ ಇನ್ನೂ ಲ್ಯಾಂಡ್ ಆರ್ಮಿ ಅಂತಲೇ ಕರೆಯೋದು), ಇಂಥ ಯಾವುದಾದರೂ ಸಂಸ್ಥೆ ಕಟ್ಟಿಕೊಡುತ್ತದೆ. ಹಾಗಾಗಿ ಅಂದಾಜು ಪಟ್ಟಿ ಮಾಡುವ ಇಂಜಿನಿಯರ್ ಜೊತೆ ಮೊದಲ ದಿನದಿಂದಲೇ ಕೂರಬೇಕು.

ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ಹಿಂದಿನ ವರ್ಷದ ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಕಾಯ್ದೆಯ 7ನೇ ಅನುಸೂಚಿಯಲ್ಲಿ ವೃದ್ಧಾಶ್ರಮ ಅನ್ನುವ ಪದವೇ ಇದೆ. ಆ ಸಾಲನ್ನು ನಿಮ್ಮ ಪತ್ರದಲ್ಲಿ ಸೂಚಿಸಿ. ಸಿಎಸ್‌ಆರ್ ನೋಂದಣಿ ಸಂಖ್ಯೆ ಇರುವ ಟ್ರಸ್ಟ್ ಹೆಸರಲ್ಲೇ ಆ ಆಸ್ತಿ ಇರಬಹುದು ಅಂತ ನಿಯಮವೂ ಇದೆ. ಪತ್ರ ಕಳಿಸಲು ಒಳ್ಳೆಯ ಕಾಲ ಜನವರಿ, ಫೆಬ್ರವರಿ. ಮುಂದಿನ ವರ್ಷದ ಯೋಜನೆ ಆಗ ತಯಾರಾಗುತ್ತಿರುತ್ತದೆ.

ಹಂತ 4: ಅಂದಾಜು ಪಟ್ಟಿಯಲ್ಲಿ ಏನು ಇರಲೇಬೇಕು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಪಟ್ಟಿಯಲ್ಲಿ ಬಿಟ್ಟುಹೋದದ್ದಕ್ಕೆ ಆಮೇಲೆ ಯಾರೂ ದುಡ್ಡು ಕೊಡಲ್ಲ.

ಗಾಲಿಕುರ್ಚಿಗೆ ಅಂತ ಮಾಡಿಸಿದ ನಮ್ಮ ಮೊದಲ ಇಳಿಜಾರನ್ನು ಕಂಟ್ರಾಕ್ಟರ್ ಹತ್ತು ಅಡಿ ಉದ್ದಕ್ಕೆ ಮುಗಿಸಿದ್ದರು. ಜಗಲಿ ಎರಡಡಿ ಎತ್ತರ. ಮಳೆ ಶುರುವಾಗಿ ಮೂರನೇ ವಾರಕ್ಕೆ ಅದರ ಮೇಲೆ ಪಾಚಿ ಕಟ್ಟಿತು. ಒಂದು ಬೆಳಿಗ್ಗೆ ಗಾಲಿಕುರ್ಚಿಯಲ್ಲಿದ್ದ ಅಜ್ಜನನ್ನು ಇಳಿಸುವಾಗ ಹಿಂದೆ ಹಿಡಿದಿದ್ದ ಹುಡುಗಿಯ ಕಾಲೇ ಜಾರಿತು. ಆಕೆ ಕುರ್ಚಿ ಬಿಡಲಿಲ್ಲ. ಅಜ್ಜನಿಗೆ ಏನೂ ಆಗಲಿಲ್ಲ, ಅವಳ ಮಂಡಿ ಕಿತ್ತುಹೋಯಿತು. ಅವತ್ತೇ ಒಡೆಸಿ ಹಾಕಿದೆವು.

ನಿಯಮ ಇಷ್ಟೇ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡಡಿ ಜಗಲಿಗೆ 24 ಅಡಿ ಇಳಿಜಾರು ಬೇಕು. ಎರಡೂ ಕಡೆ ಹಿಡಿ, ಒರಟು ಕಲ್ಲಿನ ನೆಲ, ಮೇಲೆ ಶೀಟಿನ ಚಾವಣಿ. ಮಲೆನಾಡಿನಲ್ಲಿ ಚಾವಣಿ ಇಲ್ಲದ ಇಳಿಜಾರು ಆರು ತಿಂಗಳು ಉಪಯೋಗಕ್ಕೆ ಬರಲ್ಲ. ಬಾಗಿಲು 900 ಮಿಲಿಮೀಟರ್ ಅಗಲ ತೆರೆಯಬೇಕು, ಹೊಸ್ತಿಲು ಬೇಡ. ಶೌಚಾಲಯದಲ್ಲಿ ಗಾಲಿಕುರ್ಚಿ ಸುತ್ತಲು 1,500 ಮಿಲಿಮೀಟರ್ ಜಾಗ. ಶೌಚಾಲಯದ ಬಾಗಿಲು ಹೊರಗೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತೆಗೆಯಲು ಆಗುವುದಿಲ್ಲ, ಅಲ್ವಾ?

ಬಟ್ಟೆ ಒಣಗಿಸುವ ಕೋಣೆ ಯಾವ ಮಾದರಿ ನಕ್ಷೆಯಲ್ಲೂ ನನಗೆ ಕಾಣಲಿಲ್ಲ. ಇಪ್ಪತ್ತು ಮಂದಿ ಹಾಸಿಗೆ ಹಿಡಿದವರಿದ್ದರೆ ದಿನಕ್ಕೆ ಮೂವತ್ತು, ನಲವತ್ತು ಹೊದಿಕೆ, ಪಂಚೆ, ನೈಟಿ ಒಗೆಯಲು ಬೀಳುತ್ತದೆ. ಜುಲೈನಲ್ಲಿ ಒಂದು ಬೆಡ್‌ಶೀಟ್ ಒಣಗಲು ನಾಲ್ಕು ದಿನ. ಒದ್ದೆ ಹೊದಿಕೆಯಲ್ಲಿ ಮಲಗಿದವರಿಗೆ ಬೆನ್ನು ಹುಣ್ಣಾಗುತ್ತದೆ. ಬಚ್ಚಲೊಲೆಯ ಪಕ್ಕದ ಗೋಡೆಗೆ ಹೊಂದಿಕೊಂಡು, ಬಿಸಿ ಬರುವ ಹಾಗೆ ಹೊಗೆ ಬರದ ಹಾಗೆ, ಹನ್ನೆರಡು ಅಡಿ ಉದ್ದದ ಒಂದು ಕೋಣೆ ಮಾಡಿಸಿಕೊಂಡೆವು. ಇಡೀ ಮನೆಯಲ್ಲಿ ಅದಕ್ಕಿಂತ ಉಪಯೋಗದ ಕೋಣೆ ಇಲ್ಲ.

ಕರೆಂಟು. ಗಾಳಿ ಮಳೆಗೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟು ಬರಲ್ಲ. ಆಮ್ಲಜನಕ ಕೊಡುವ ಯಂತ್ರ, ಗಾಳಿ ಹಾಸಿಗೆ ಎರಡೂ ನಿಲ್ಲುತ್ತವೆ. ಜನರೇಟರ್, ಅದನ್ನಿಡಲು ಶೆಡ್ಡು, ಬೇರೆ ವೈರಿಂಗ್ ಮೂರನ್ನೂ ಪಟ್ಟಿಯಲ್ಲಿ ಸೇರಿಸಿ. ಸಿಬ್ಬಂದಿ ಮಲಗಲು ಕೋಣೆ, ಆಂಬುಲೆನ್ಸ್ ತಿರುಗುವ ಅಂಗಳ, ವಯಸ್ಕರ ಡೈಪರ್ ವಿಲೇವಾರಿಗೆ ವ್ಯವಸ್ಥೆ ಕೂಡ ಇರಲಿ. ಹಳೆ ಹಂಚಿನ ಮನೆ ದುರಸ್ತಿ ಮಾಡುವವರು ಹಂಚು, ರೀಪರ್‌ಗಿಂತ ಮೊದಲು ಶೌಚಾಲಯಕ್ಕೆ ಖರ್ಚು ಮಾಡಿ. ಸೋರಿದರೆ ಒಂದು ಮಳೆಗಾಲ ಟಾರ್ಪಾಲಿನಲ್ಲಿ ಕಳೆಯಬಹುದು.

ಉಪಕರಣಗಳಿಗೆ ಬೇರೆ ದಾರಿಯೂ ಇದೆ. 2017ರಿಂದ ಇರುವ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಗಾಲಿಕುರ್ಚಿ, ಊರುಗೋಲು, ಶ್ರವಣ ಸಾಧನ, ಕನ್ನಡಕ, ಹಲ್ಲಿನ ಸೆಟ್ಟು ಉಚಿತ. ಶಿಬಿರ ಯಾವಾಗ ಅಂತ ಜಿಲ್ಲಾ ಕಚೇರಿಯಲ್ಲಿ ಕೇಳಿ, ನಿಮ್ಮವರ ಹೆಸರು ಮೊದಲೇ ಕೊಟ್ಟಿಡಿ.

ಹಂತ 5: ನಡೆಸಲು ಅನುದಾನ

ನಿಮ್ಮ ಮೊದಲ ಬಾಗಿಲು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ. ರಾಜ್ಯದ ಅನುದಾನಕ್ಕೂ ಇವರೇ, ಕೇಂದ್ರದ ಅರ್ಜಿಯ ಪರಿಶೀಲನೆಗೂ ಇವರೇ. ಹೋದ ದಿನ ಎರಡು ಪ್ರಶ್ನೆ ಕೇಳಿ: ರಾಜ್ಯದ ಅನುದಾನಕ್ಕೆ ಈ ವರ್ಷ ಅರ್ಜಿ ಕರೆದಿದ್ದಾರಾ? ಕೇಂದ್ರದವರು ವೃದ್ಧಾಶ್ರಮ ಇಲ್ಲದ ಜಿಲ್ಲೆಗಳ ಪಟ್ಟಿ ಮಾಡಿ ಅರ್ಜಿ ಕರೆಯುತ್ತಾರೆ, ನಮ್ಮ ಜಿಲ್ಲೆ ಅದರಲ್ಲಿದೆಯಾ?

ಕೇಂದ್ರದ ಕಾರ್ಯಕ್ರಮದಲ್ಲಿ ಸಾಮಾನ್ಯ ಹಿರಿಯರ ಮನೆಗೆ 25 ಮಂದಿ ನಿರ್ಗತಿಕ ಹಿರಿಯರಿರಬೇಕು. ನಿರಂತರ ಆರೈಕೆಯ ಮನೆ, ಮರೆವಿನ ಕಾಯಿಲೆಯವರ ಮನೆ ಬೇರೆಯೇ ವರ್ಗ, ಅದಕ್ಕೆ ಕನಿಷ್ಠ 20 ಮಂದಿ. ನಿಮ್ಮದು ಹಾಸಿಗೆ ಹಿಡಿದವರ ಮನೆಯಾದರೆ ಈ ವರ್ಗದಲ್ಲೇ ಅರ್ಜಿ ಹಾಕಿ. ಸುಲಭ ಅಂತ ಸಾಮಾನ್ಯ ವರ್ಗದಲ್ಲಿ ಹಾಕಿದರೆ ನರ್ಸು, ಆಯಾಗಳ ಸಂಖ್ಯೆ ನಿಮಗೆ ಸಾಲುವುದಿಲ್ಲ. ಯೋಜನೆಯ ಒಂದು ಸುತ್ತಿನ ಅವಧಿ 2021-22ರಿಂದ 2025-26ರವರೆಗೆ ಇತ್ತು. ನೀವು ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನೇ ಇಳಿಸಿಕೊಂಡು ಓದಿ. ಪಕ್ಕದ ಊರಿನವರು ಹಾಕಿದ ಹಳೆ ಅರ್ಜಿ ನೋಡಿ ನಕಲು ಮಾಡಬೇಡಿ.

ಅರ್ಜಿ ಹಾಕುವುದು ಇ-ಅನುದಾನ್ ಜಾಲತಾಣದಲ್ಲಿ. ಆಮೇಲೆ ಜಿಲ್ಲೆಯಿಂದ ತಪಾಸಣೆ, ರಾಜ್ಯದ ಶಿಫಾರಸು, ಕೊನೆಗೆ ದೆಹಲಿಯ ಮಂಜೂರಾತಿ. ತಪಾಸಣೆಗೆ ಬಂದವರು ಹಾಜರಿ ಪುಸ್ತಕ, ಆಧಾರ್, ಊಟದ ಪಟ್ಟಿ, ಔಷಧಿ ಪುಸ್ತಕ ನೋಡುತ್ತಾರೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದಕ್ಕೊಂದು ಚಾರ್ಟ್ ಪ್ರತಿ ಮಂಚಕ್ಕೂ ತೂಗುಹಾಕಿ. ಇದು ಯಾರಿಗೋ ತೋರಿಸಲು ಅಲ್ಲ. ಆದರೆ ಮನೆ ಹೇಗೆ ನಡೆಯುತ್ತಿದೆ ಅಂತ ಅಧಿಕಾರಿಗೆ ಅರ್ಥವಾಗುವುದೂ ಆ ಚಾರ್ಟಿನಿಂದಲೇ.

ನರ್ಸಿಂಗ್ ಆರೈಕೆ ಕೊಡುವುದರಿಂದ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕಾ ಅಂತ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಸೂಜಿ, ಕ್ಯಾತಿಟರ್ ಬಳಸುತ್ತಿದ್ದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ಬರುತ್ತದೆ. ಅಡುಗೆಮನೆಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ. 70 ದಾಟಿದ ಎಲ್ಲರಿಗೂ ಆಯುಷ್ಮಾನ್ ವಯ ವಂದನಾ ಕಾರ್ಡ್ ಮಾಡಿಸಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಈ ಕೇಂದ್ರದ ಯೋಜನೆಯಲ್ಲಿ ಆದಾಯದ ಮಿತಿ ಇಲ್ಲದೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆ ಇದೆ. ನಮ್ಮ ರಾಜ್ಯದ ಆಸ್ಪತ್ರೆಯಲ್ಲಿ ಅದು ನಡೆಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಹಿರಿಯರ ಸ್ವಂತ ದುಡ್ಡು. ಅದು ಅವರ ಖಾತೆಯಲ್ಲೇ ಇರಲಿ. ಮನೆ ಖರ್ಚಿಗೆ ಸೇರಿಸಬೇಡಿ.

ಬೆಂಗಳೂರಿನಲ್ಲಿರುವ ಮಕ್ಕಳು ದುಡ್ಡು ಕೊಟ್ಟು ತಂದೆ ತಾಯಿಯನ್ನು ಸೇರಿಸುತ್ತೇವೆ ಅಂತ ಬರುತ್ತಾರೆ. ತಪ್ಪಲ್ಲ, ಮನೆ ನಡೆಯಲು ಅದೂ ಬೇಕು. ಆದರೆ ಅನುದಾನದ ಹಾಸಿಗೆ ನಿರ್ಗತಿಕರದ್ದು. ದುಡ್ಡು ಕೊಡುವವರಿಗೆ ಬೇರೆ ಹಾಸಿಗೆ, ಬೇರೆ ರಿಜಿಸ್ಟರ್. ಆದಾಯ ತೆರಿಗೆ ನೋಂದಣಿ ಇರುವ ಸಂಸ್ಥೆ 60 ದಾಟಿದವರಿಂದ ಊಟ, ವಸತಿ ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ ತೆಗೆದುಕೊಂಡರೆ ಜಿಎಸ್‌ಟಿ ಇಲ್ಲ.

ಹಂತ 6: ಹಣ ಬರುವವರೆಗೆ, ಬಂದ ಮೇಲೆ

ಮಂಜೂರಾದ ಹಣ ತಡವಾಗಿ ಬರುತ್ತದೆ. ಬರುವುದೂ ಕಂತಿನಲ್ಲಿ. ಆರು ತಿಂಗಳ ಅಕ್ಕಿ, ಸಂಬಳ, ಔಷಧಿಗೆ ಆಗುವಷ್ಟು ಹಣ ಬ್ಯಾಂಕಿನಲ್ಲಿ ಇಲ್ಲದೆ ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳಬೇಡಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ನಡೆದಾಡುವವರು ಬೇರೆ ಕಡೆ ಹೋಗಬಹುದು, ಇವರು ಎಲ್ಲಿಗೆ ಹೋಗುತ್ತಾರೆ?

ಅನುದಾನಕ್ಕೆ ಪ್ರತ್ಯೇಕ ಖಾತೆ ತೆರೆದು ಪಿಎಫ್‌ಎಂಎಸ್‌ಗೆ (ಸರ್ಕಾರದ ಹಣ ಎಲ್ಲಿ ಹೋಯಿತು ಅಂತ ನೋಡುವ ಆನ್‌ಲೈನ್ ವ್ಯವಸ್ಥೆ) ಜೋಡಿಸಿ. ಖರ್ಚೆಲ್ಲ ಬ್ಯಾಂಕಿನ ಮೂಲಕವೇ ಆಗಲಿ. ಅನುದಾನದ ಮೇಲೆ ಬಂದ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ಹಿಂದಿರುಗಿಸಬೇಕು. ವರ್ಷ ಮುಗಿದ ಮೇಲೆ ಆಡಿಟರ್ ಸಹಿಯ ಲೆಕ್ಕದ ಜೊತೆ ಬಳಕೆ ಪ್ರಮಾಣಪತ್ರವನ್ನು ಕೇಂದ್ರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯಲ್ಲಿ ಕೊಡಿ. ಅದು ಹೋಗದೆ ಮುಂದಿನ ಕಂತು ಬರಲ್ಲ. ಅನುದಾನದಲ್ಲಿ ಕೊಂಡ ಮಂಚ, ಫ್ರಿಜ್, ಜನರೇಟರ್ ಎಲ್ಲಕ್ಕೂ ನಂಬರ್ ಬರೆದು ಆಸ್ತಿ ಪುಸ್ತಕದಲ್ಲಿ ಏರಿಸಿ. ಅನುಮತಿ ಇಲ್ಲದೆ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ.

ಕಚೇರಿಗೆ ಏನೇ ಕೊಟ್ಟರೂ ಎರಡನೇ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಕಡತ ಸಂಖ್ಯೆ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ಹೋಗಿ. ಫೋನಿನಲ್ಲಿ ಕೇಳುವುದಕ್ಕಿಂತ ಎದುರು ಕೂತು ಕೇಳಿ. ವಿಷಯ ನಿರ್ವಾಹಕರು ಬದಲಾದರೆ ಹೊಸಬರಿಗೆ ಮೊದಲಿಂದ ಹೇಳಿ. ಅವರಿಗೂ ಒಮ್ಮೆ ಮನೆ ನೋಡಲು ಬನ್ನಿ ಅಂತ ಕರೆಯಿರಿ. ನಮ್ಮಲ್ಲಿಗೆ ಬಂದ ಒಬ್ಬ ಗುಮಾಸ್ತೆ ಸೊಂಟ ಮುರಿದ ಆ ಅಜ್ಜಿಯ ಪಕ್ಕ ಅರ್ಧ ಗಂಟೆ ಕೂತಿದ್ದರು. ಅಜ್ಜಿ ಅವರ ಕೈ ಹಿಡಿದುಕೊಂಡು ಊರು ಯಾವುದು, ಮಕ್ಕಳೆಷ್ಟು ಅಂತೆಲ್ಲ ವಿಚಾರಿಸಿದರು. ಮುಂದಿನ ವಾರ ನಾನು ಕಚೇರಿಗೆ ಹೋದಾಗ ಆ ಗುಮಾಸ್ತೆ ಮೊದಲು ಕೇಳಿದ್ದು, "ಅಜ್ಜಿ ಈಗ ಎದ್ದು ಕೂರ್ತಾರಾ?"